ಹೀರೋ ಒಬ್ಬನೇ... ಪಿಕ್ಚರ್ ಎಷ್ಟು ದಿನ ಓಡೀತು?

"ಸಿನಿಮಾ ಪತ್ರಿಕೆಯಲ್ಲಿ ಫುಟ್‌ಬಾಲ್ ಪುರಾಣ ಯಾಕಯ್ಯಾ?" ಅಂತ ಚಿತ್ರರಸಿಕರೊಬ್ಬರು ಗದರಿಸಿದ್ದಾರೆ. ಸ್ವಾಮಿ, ನಮ್ಮ ಊರಲ್ಲಿ ಕಂಠೀರವ ಎರಡಿವೆ. ಒಂದು ಸ್ಟುಡಿಯೋ, ಇನ್ನೊಂದು ಸ್ಟೇಡಿಯಂ. ಸ್ಟುಡಿಯೋದಲ್ಲಿ ಅಣ್ಣಾವ್ರೂ ಅಪ್ಪುವೂ ಮಲಗಿದ್ದಾರೆ. 2006ರಲ್ಲಿ ಅವರನ್ನೂ 2021ರಲ್ಲಿ ಇವರನ್ನೂ ನಾವು ಕೊನೇ ಸಲ ನೋಡಿದ್ದು ಸ್ಟೇಡಿಯಂನಲ್ಲೇ. ಅಂಥ ನೆಲದ ಮೇಲೆ ನಮ್ಮ ಬೆಂಗಳೂರು ಎಫ್‌ಸಿ ಆಡುತ್ತಿದ್ದರೆ ನಾಲ್ಕು ಮಾತು ಬರೆಯೋದು ತಪ್ಪೇ? ನೀವೇ ಹೇಳಿ!

ಇನ್ನೊಂದು ವಿಷಯ. ಗಾಂಧಿ ಕ್ಲಾಸಿನಲ್ಲಿ ಕೂತು ಶಿಳ್ಳೆ ಹೊಡೆದವನಿಗೆ ಸ್ಟೇಡಿಯಂನಲ್ಲಿ ಹೊಸದಾಗಿ ಕಲಿಯೋದು ಏನೂ ಇಲ್ಲ. ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರು ತೊಂಬತ್ತು ನಿಮಿಷ ಕೂರದೆ ಹಾಡೋದನ್ನ ಒಂದು ಸಲ ನೋಡಿ. ಮೊದಲ ದಿನದ ಮೊದಲ ಆಟಕ್ಕೂ ಅದಕ್ಕೂ ಏನು ವ್ಯತ್ಯಾಸ? ಬಾಪೂಜಿನಗರದಿಂದ ದೂರವೂ ಇಲ್ಲ. ದೀಪಾಂಜಲಿ ನಗರದಲ್ಲಿ ಮೆಟ್ರೊ ಹತ್ತಿದರೆ ಕಬ್ಬನ್ ಪಾರ್ಕಿನಲ್ಲಿ ಇಳಿಯೋದು, ಆಮೇಲೆ ನಾಲ್ಕು ಹೆಜ್ಜೆ.

ಸರಿ, ಕಥೆಗೆ ಬರೋಣ.

* * *

2013ರಲ್ಲಿ ಹುಟ್ಟಿದ ತಂಡ ಇದು. ಹುಟ್ಟಿದ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು. ಹೊಸಬರ ಮೊದಲ ಪಿಕ್ಚರೇ ಶತದಿನ! 2015-16ರಲ್ಲಿ ಮತ್ತೆ ಅದೇ ಲೀಗು. 2016ರಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು ನಮ್ಮ ಕಂಠೀರವದಲ್ಲೇ 3-1ಕ್ಕೆ ಮಣ್ಣು ಮುಕ್ಕಿಸಿ ಏಷ್ಯಾದ ಎಎಫ್‌ಸಿ ಕಪ್ ಫೈನಲ್‌ಗೆ ಹೋದರು. ಅಲ್ಲಿಯವರೆಗೆ ಭಾರತದ ಯಾವ ಕ್ಲಬ್ಬೂ ಆ ಫೈನಲ್ ಕಂಡಿರಲಿಲ್ಲ. ದೋಹಾದಲ್ಲಿ ಇರಾಕಿನ ತಂಡದ ಕೈಲಿ ಒಂದೇ ಒಂದು ಗೋಲಿನಿಂದ ಸೋತರು, ಅದು ಬೇರೆ ಮಾತು. 2018-19ರಲ್ಲಿ ಐಎಸ್‌ಎಲ್ ಕಿರೀಟ. 2022ರಲ್ಲಿ ಡ್ಯುರಾಂಡ್ ಕಪ್.

ಇಷ್ಟೆಲ್ಲಾ ಆದ ಮೇಲೂ ಈ ಕಟ್ಟೆಯಲ್ಲಿ ಕೂತು ನಾನು ಗೊಣಗೋದು ಯಾಕೆ?

ಒಂದು ಲೆಕ್ಕ ಕೊಡ್ತೀನಿ ಕೇಳಿ. 2025ರವರೆಗೆ ನಮ್ಮವರು ನಾಲ್ಕು ಐಎಸ್‌ಎಲ್ ಫೈನಲ್ ಆಡಿದ್ದಾರೆ: 2018, 2019, 2023, 2025. ಗೆದ್ದದ್ದು ಒಂದು, ಸೋತದ್ದು ಮೂರು. ನಾಲ್ಕರಲ್ಲೂ ಸೇರಿ ಮೈದಾನದಲ್ಲಿ ನಮ್ಮ ಲೆಕ್ಕಕ್ಕೆ ಬಂದ ಗೋಲು ಆರು. ಅದರಲ್ಲಿ ಎರಡು ಸುನಿಲ್ ಛೆಟ್ರಿಯದು. ಒಂದು ವೆನೆಜುವೆಲಾದ ಮಿಕುವಿನದು. ಒಂದು ಫಿಜಿ ದೇಶದ ರಾಯ್ ಕೃಷ್ಣನದು. 2019ರಲ್ಲಿ ಗೋವಾ ವಿರುದ್ಧ ಕಪ್ ತಂದುಕೊಟ್ಟ ಆ 117ನೇ ನಿಮಿಷದ ಹೆಡರ್ ರಾಹುಲ್ ಭೇಕೆಯದು. ಆತ ಡಿಫೆಂಡರ್! ಇನ್ನು ಆರನೆಯದು? 2025ರ ಏಪ್ರಿಲ್ 12ರಂದು ಕೋಲ್ಕತ್ತಾದಲ್ಲಿ ಮೋಹನ್ ಬಾಗಾನ್ ಡಿಫೆಂಡರು ತನ್ನ ಗೋಲಿಗೆ ತಾನೇ ಹೊಡೆದುಕೊಂಡದ್ದು!

ಅಂದರೆ ಏನಾಯ್ತು? ಛೆಟ್ರಿಯನ್ನು ಬಿಟ್ಟರೆ ಇನ್ನೊಬ್ಬ ಭಾರತೀಯ ಫಾರ್ವರ್ಡು ನಾಲ್ಕು ಫೈನಲ್‌ನಲ್ಲಿ ಹೊಡೆದ ಗೋಲು ಸೊನ್ನೆ. ದೊಡ್ಡ ಸೊನ್ನೆ.

* * *

ಛೆಟ್ರಿ ಬಗ್ಗೆ ಒಂದು ಕೆಟ್ಟ ಮಾತು ಆಡಿದರೆ ನಾಲಿಗೆ ಬಿದ್ದು ಹೋಗಲಿ. 2013ರಿಂದ ಈ ತಂಡದ ಭಾರ ಹೊತ್ತ ಮನುಷ್ಯ. 2024ರ ಜೂನ್‌ನಲ್ಲಿ ಕುವೈತ್ ವಿರುದ್ಧ ಆಡಿ ದೇಶದ ತಂಡಕ್ಕೆ ಕೈಮುಗಿದು ಬಂದರು. "ಇನ್ನು ಮುಗೀತು" ಅಂದುಕೊಂಡವರ ಬಾಯಿಗೆ ಬೀಗ ಹಾಕಿದ್ದು 2024-25ರ ಸೀಸನ್. ಡಿಸೆಂಬರ್ 7ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್, ನಲವತ್ತು ತುಂಬಿದ ಮೇಲೆ! ಲೀಗಿನಲ್ಲಿ ಅಷ್ಟು ವಯಸ್ಸಿನಲ್ಲಿ ಯಾರೂ ಹೊಡೆದಿರಲಿಲ್ಲ. ಒಟ್ಟು 14 ಗೋಲು, ಭಾರತೀಯರಲ್ಲಿ ಅವರೇ ಮೊದಲು. ಸೆಮಿಫೈನಲ್‌ನಲ್ಲಿ ಗೋವಾದವರ ಊರಲ್ಲೇ ಕೊನೇ ಘಳಿಗೆಯಲ್ಲಿ ಹೆಡ್ ಮಾಡಿ ತಂಡವನ್ನು ಫೈನಲ್‌ಗೆ ಒಯ್ದವರೂ ಅವರೇ.

ನಾನೂ ಕುಣಿದೆ, ಸ್ವಾಮಿ. ಮನೆಗೆ ಬಂದು ಮಲಗಿದಾಗ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಯ್ತು. ನಲವತ್ತರ ಹೀರೋ ಇಪ್ಪತ್ತರ ಕಾಲೇಜ್ ಹುಡುಗನ ಪಾತ್ರ ಮಾಡಿದರೆ ಮೇಕಪ್ ಇದೆ, ಲೈಟಿಂಗ್ ಇದೆ, ಡ್ಯೂಪ್ ಇದ್ದಾನೆ. ಮೈದಾನದಲ್ಲಿ ಡ್ಯೂಪ್ ಎಲ್ಲಿಂದ ತರ್ತೀರಿ? 2025ರ ಫೈನಲ್ ದಿನ ಛೆಟ್ರಿಗೆ 40, ಭೇಕೆಗೆ 34, ಕೀಪರ್ ಗುರ್‌ಪ್ರೀತ್‌ಗೆ 33. ತಂಡದ ಬೆನ್ನುಮೂಳೆಗೇ ವಯಸ್ಸಾಗಿತ್ತು. ಅರ್ಧ ಗಂಟೆ ಹೆಚ್ಚುವರಿ ಆಟಕ್ಕೆ ಹೋದಾಗ ಬಾಗಾನ್ ಪರ ಮೆಕ್ಲಾರೆನ್ ಹೊಡೆದ, ನಾವು 2-1ಕ್ಕೆ ಸೋತೆವು.

ಛೆಟ್ರಿ ನಡೆಯದ ವರ್ಷ ಏನಾಗುತ್ತೆ ಅನ್ನೋದನ್ನೂ ನೋಡಿದ್ದೇವೆ. 2023-24ರಲ್ಲಿ 22 ಪಂದ್ಯಕ್ಕೆ 5 ಗೆಲುವು, ಹನ್ನೆರಡು ತಂಡದಲ್ಲಿ ಹತ್ತನೇ ಜಾಗ. ಕೋಚ್ ಗ್ರೇಸನ್ ಅರ್ಧದಲ್ಲೇ ಹೋದರು, ಜರಗೋಜಾ ಬಂದರು. ಡೈರೆಕ್ಟರ್ ಬದಲಾದ ಮಾತ್ರಕ್ಕೆ ಕಥೆ ಬದಲಾಗುತ್ತಾ?

ಕಥೆಯ ದೋಷ ಎಲ್ಲಿದೆ ಅಂತ ನನ್ನ ಚಿಕ್ಕ ಬುದ್ಧಿಗೆ ತೋಚಿದ್ದು ಇಷ್ಟು. ಮೈದಾನದಲ್ಲಿ ಒಂದು ಸಲಕ್ಕೆ ನಾಲ್ಕು ವಿದೇಶಿಯರು ಆಡಬಹುದು. ಈ ವಾರ ಸೋತರೆ ಮುಂದಿನ ವಾರ ಕುರ್ಚಿ ಇಲ್ಲ ಅನ್ನೋ ಕೋಚು ಏನು ಮಾಡ್ತಾನೆ? ಗೋಲು ಹೊಡೆಯೋ ಜಾಗಕ್ಕೆ ಹೊರದೇಶದವನನ್ನೇ ಹಾಕ್ತಾನೆ. ನಮ್ಮ ಹುಡುಗ ಗೆರೆ ಪಕ್ಕದಲ್ಲಿ ಓಡಬೇಕು, ಇಲ್ಲಾ ಬೆಂಚ್ ಕಾಯಬೇಕು. ಆಡದವನು ಗೋಲು ಹೊಡೆಯೋದು ಹೇಗೆ? ಗೋಲು ಹೊಡೆಯದವನನ್ನು ಆಡಿಸೋದು ಯಾರು? ಬೆಂಗಳೂರು ಒಂದೇ ಅಲ್ಲ, ಎಲ್ಲಾ ಕ್ಲಬ್ಬಿನ ಹಣೆಬರಹವೂ ಇದೇ. ಅದಕ್ಕೇ 2025ರ ಮಾರ್ಚ್‌ನಲ್ಲಿ ದೇಶದ ತಂಡ ವಿಶ್ರಾಂತಿಗೆ ಹೋಗಿದ್ದ ಛೆಟ್ರಿಯನ್ನೇ ಮತ್ತೆ ಕರೆಯಬೇಕಾಯ್ತು. ಕರೆದರೂ 2027ರ ಏಷ್ಯಾ ಕಪ್‌ಗೆ ಅರ್ಹತೆ ಸಿಗಲಿಲ್ಲ.

* * *

ಈಗ ಒಂದು ಸ್ವಂತ ತಪ್ಪೊಪ್ಪಿಗೆ. ಇದನ್ನ ಬರೆಯೋದಕ್ಕೇ ಇಷ್ಟು ದೂರ ಎಳೆದುಕೊಂಡು ಬಂದೆ.

2023ರ ಮಾರ್ಚ್ 3, ಶುಕ್ರವಾರ. ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ ಪ್ಲೇ-ಆಫ್. 96ನೇ ನಿಮಿಷದಲ್ಲಿ ಫ್ರೀಕಿಕ್. ಎದುರಾಳಿಗಳು ಇನ್ನೂ ಗೋಡೆ ಕಟ್ಟೋ ಗಡಿಬಿಡಿಯಲ್ಲಿದ್ದಾಗಲೇ ಛೆಟ್ರಿ ಚೆಂಡು ಬಲೆಗೆ ಕಳಿಸಿಬಿಟ್ಟರು. ಬ್ಲಾಸ್ಟರ್ಸ್‌ನವರು ಸಿಟ್ಟಿಗೆದ್ದು ಮೈದಾನ ಬಿಟ್ಟೇ ಹೊರಟರು. ಯಾವ ಪಿಕ್ಚರಿನ ಕ್ಲೈಮ್ಯಾಕ್ಸ್ ಹೀಗಿತ್ತು ಹೇಳಿ! ನಾನು ಗಂಟಲು ಹರಿದುಕೊಂಡು ಕೂಗಿದವನೇ.

ಮಾರನೇ ದಿನ ಶನಿವಾರ. ಬಾಪೂಜಿನಗರದ ನಮ್ಮ ಟೀ ಅಂಗಡಿ ಮುಂದೆ ಬೈ-ಟೂ ಹಿಡಿದು ಆ ಫ್ರೀಕಿಕ್‌ನ ಮೊಬೈಲಿನಲ್ಲಿ ಹತ್ತನೇ ಸಲ ನೋಡ್ತಾ ಕೂತಿದ್ದೆ. ನಮ್ಮ ಬೀದಿಯ ಹುಡುಗ ಬಂದ. ಹೆಸರು ಬೇಡ, ಎಡಗಾಲಿನ ಹುಡುಗ ಅನ್ನೋಣ. ಆಗ ಹದಿನೇಳು ವಯಸ್ಸು. ಅಪ್ಪನಿಗೆ ಮೈಸೂರು ರಸ್ತೆಯ ಗ್ಯಾರೇಜಿನಲ್ಲಿ ಕೆಲಸ.

"ಅಣ್ಣ, ಇವತ್ತು ಫೈನಲ್ ನೋಡ್ತೀರಾ?"

"ಯಾವ ಫೈನಲ್ಲೋ? ನಿನ್ನೆ ಗೆದ್ದಾಯ್ತಲ್ಲ."

"ಸಂತೋಷ್ ಟ್ರೋಫಿ ಅಣ್ಣ. ಕರ್ನಾಟಕ ಆಡ್ತಾ ಇದೆ. ಸೌದಿಯಲ್ಲಿ."

ಓದುಗ ದೊರೆಗಳೇ, ನಾನು ನಕ್ಕುಬಿಟ್ಟೆ! "ಅದನ್ನೆಲ್ಲ ಯಾರೋ ನೋಡ್ತಾರೆ ಈಗ?" ಅಂದೆ. ಹುಡುಗ ಏನೂ ಮಾತಾಡದೆ ಹೋದ.

ಅವತ್ತು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ಕ್ಕೆ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1968-69ರ ನಂತರ ಇದೇ ಮೊದಲು. ಐವತ್ನಾಲ್ಕು ವರ್ಷ! ಹಿಂದೆ ಗೆದ್ದ ನಾಲ್ಕು ಸಲವೂ ನಮ್ಮದು ಮೈಸೂರು ರಾಜ್ಯದ ತಂಡ. 1973ರಲ್ಲಿ ಹೆಸರು ಬದಲಾಯಿತಲ್ಲ, ಆ ಮೇಲೆ "ಕರ್ನಾಟಕ" ಅನ್ನೋ ಹೆಸರಲ್ಲಿ ಕಪ್ ಬಂದದ್ದೇ ಅವತ್ತು. ಕನ್ನಡ, ಕನ್ನಡ ಅಂತ ಎದೆ ತಟ್ಟಿಕೊಳ್ಳೋ ನಾನು ಆ ಹೊತ್ತಿನಲ್ಲಿ ಹಿಂದಿನ ರಾತ್ರಿಯ ಒಂದೇ ಗೋಲನ್ನು ಹನ್ನೊಂದನೇ ಸಲ ನೋಡ್ತಾ ಇದ್ದೆ.

ಆ ಹುಡುಗನ ಕಥೆ ಕೇಳಿ. ಅವನಿಗೆ ಆಡೋಕೆ ಜಾಗ ಇಲ್ಲ. ಪಕ್ಕದ ಶಾಲೆಯ ಮೈದಾನಕ್ಕೆ ಸಂಜೆ ಬೀಗ. ಬೆಳಗ್ಗೆ ಐದಕ್ಕೆ ಎದ್ದು, ಸ್ಪೇರ್‌ಪಾರ್ಟ್ಸ್ ಅಂಗಡಿಗಳ ಶಟರ್ ಏಳುವ ಮುಂಚೆ ಬೀದಿಯಲ್ಲೇ ಗೋಡೆಗೆ ಚೆಂಡು ಹೊಡೆದು ಕಲಿತವನು. ಮುಂದಿನ ವರ್ಷ ಒಂದು ಕ್ಲಬ್ಬಿನ ಆಯ್ಕೆಗೆ ಹೋದ. ಯಾವ ಕ್ಲಬ್ಬು ಅಂತ ಕೇಳಬೇಡಿ. ನೂರಾರು ಹುಡುಗರು, ಒಬ್ಬೊಬ್ಬರಿಗೆ ಹತ್ತು ನಿಮಿಷ. ಗೋಲು ಹೊಡೆಯೋ ಎಡಗಾಲಿನವನನ್ನು ಬಲಗಡೆ ಹಿಂದಕ್ಕೆ ನಿಲ್ಲಿಸಿದರಂತೆ.

"ಹೇಗಾಯ್ತೋ?" ಅಂದೆ.

"ಹತ್ತು ನಿಮಿಷದಲ್ಲಿ ಬಾಲು ಎರಡು ಸಲ ಬಂತಣ್ಣ," ಅಂದ. ಅಷ್ಟೇ.

ಈಗ ಬೈಕಿನಲ್ಲಿ ಊಟದ ಪಾರ್ಸೆಲ್ ಹೊರ್ತಾನೆ. ಪಂದ್ಯ ಇದ್ದ ದಿನ ಕಂಠೀರವದ ಗೇಟಿನವರೆಗೂ ಪಾರ್ಸೆಲ್ ತಂದುಕೊಟ್ಟಿದ್ದಾನೆ. ಒಳಗೆ ಬರೋಕೆ ಪುರುಸೊತ್ತಿಲ್ಲ.

ಅವನು ಛೆಟ್ರಿ ಆಗ್ತಿದ್ದನೋ ಇಲ್ಲವೋ ದೇವರೇ ಬಲ್ಲ. ಆದರೆ ಅವನಿಗೆ ಮೂರನೇ ಸಲ ಬಾಲು ಸಿಗಲಿಲ್ಲ ಅನ್ನೋದು ನನಗೆ ಗೊತ್ತು.

* * *

"ಬೆಂಗಳೂರಿನ ಹುಡುಗರ ಕಾಲಲ್ಲಿ ಗೋಲೆಲ್ಲಿದೆ?" ಅನ್ನೋರಿಗೆ ಒಂದಿಷ್ಟು ಹಳೇ ರೀಲು ಬಿಚ್ಚಿ ತೋರಿಸ್ತೀನಿ. 1948ರ ಲಂಡನ್ ಒಲಿಂಪಿಕ್ಸ್. ಬಹುಪಾಲು ಬರಿಗಾಲಲ್ಲೇ ಆಡಿದ ನಮ್ಮ ತಂಡ ಫ್ರಾನ್ಸ್ ಎದುರು 2-1ಕ್ಕೆ ಸೋತಿತು. ಆ ಒಂದು ಗೋಲು ಹೊಡೆದವರು ಯಾರು? ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್! ಕೋಲ್ಕತ್ತಾದ ಈಸ್ಟ್ ಬೆಂಗಾಲ್‌ನಲ್ಲಿ "ಪಂಚಪಾಂಡವರು" ಅಂತ ಐದು ಜನ ಫಾರ್ವರ್ಡ್‌ಗಳಿದ್ದರು. ಅವರಲ್ಲೊಬ್ಬರಾದ ಅಹ್ಮದ್ ಖಾನ್ ನಮ್ಮೂರಿನವರು. 1956ರ ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆದ ತಂಡದಲ್ಲಿ ಕೆಂಪಯ್ಯ. 1962ರ ಏಷ್ಯಾಡ್ ಚಿನ್ನದ ತಂಡದಲ್ಲಿ ಅರುಮೈನಾಯಗಂ. ಒಂದು ಕಾಲದಲ್ಲಿ ಕೋಲ್ಕತ್ತಾಗೆ ಗೋಲು ಹೊಡೆಯೋರನ್ನ ಕಳಿಸಿಕೊಟ್ಟ ಊರು ಇದು! ಅದೇ ಕೋಲ್ಕತ್ತಾದಲ್ಲಿ ಫೈನಲ್ ಆಡಿ, ಎದುರಾಳಿ ಕೊಟ್ಟ ಗೋಲು ಎತ್ತಿಕೊಂಡು ಬಂದೆವಲ್ಲ...

ಆಗ ಫುಟ್‌ಬಾಲ್ ಅಂದರೆ ದಂಡಿನ ಕಡೆಯವರ ಆಟ: ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ. ಗೌತಮಪುರದಲ್ಲಿ ಪೆಲೆಗೆ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ನಮ್ಮ ಪಶ್ಚಿಮದ ಕಡೆ ಕಬಡ್ಡಿ, ಕ್ರಿಕೆಟ್ಟು, ಸಿನಿಮಾ. ಬೆಂಗಳೂರು ಎಫ್‌ಸಿ ಬಂದ ಮೇಲೆ ನಮ್ಮ ಕಡೆಯ ಹುಡುಗರಿಗೂ ಆ ಹುಚ್ಚು ಹತ್ತಿದೆ. ಹುಚ್ಚು ಹತ್ತಿಸಿದವರು ಮೈದಾನಕ್ಕೆ ದಾರಿಯನ್ನೂ ತೋರಿಸಬೇಕಲ್ಲ?

ತೋರಿಸಿದರೆ ಫಲ ಇದೆ. 2024ರ ಸೆಪ್ಟೆಂಬರ್ 14ರಂದು ಸೀಸನ್ನಿನ ಮೊದಲ ಪಂದ್ಯದಲ್ಲಿ ಈಸ್ಟ್ ಬೆಂಗಾಲ್‌ನ 1-0ಗೆ ಸೋಲಿಸಿದ ಗೋಲು ಹೊಡೆದದ್ದು ವಿನೀತ್ ವೆಂಕಟೇಶ್. ಬೆಂಗಳೂರಿನ ಹುಡುಗ, ಇನ್ನೂ ಹದಿಹರೆಯ. ಕಂಠೀರವ ಅವತ್ತು ಕೂಗಿದ ಕೂಗೇ ಬೇರೆ. 2022ರ ಡ್ಯುರಾಂಡ್ ಫೈನಲ್‌ನಲ್ಲಿ ಮುಂಬೈ ವಿರುದ್ಧ ಮೊದಲ ಗೋಲು ತಮಿಳುನಾಡಿನ ಹುಡುಗ ಶಿವಶಕ್ತಿಯದು. ನಂಬಿ ಆಡಿಸಿದಾಗ ಹೊಡೆದಿದ್ದಾರಲ್ಲ!

ಆದ್ದರಿಂದ ತಂಡ ಕಟ್ಟೋ ಮಹನೀಯರಿಗೆ ಬಾಪೂಜಿನಗರದ ಕಟ್ಟೆಯಿಂದ ಮೂರು ಬೇಡಿಕೆ.

ಒಂದು: ಇನ್ನೊಬ್ಬ ವಿದೇಶಿ ಫಾರ್ವರ್ಡ್‌ಗೆ ಹಣ ಸುರಿಯೋ ಮುಂಚೆ, ಒಬ್ಬ ಭಾರತೀಯ ಹುಡುಗನನ್ನು ಆ ಜಾಗದಲ್ಲಿ ಸತತ ಹತ್ತು ಪಂದ್ಯ ನಿಲ್ಲಿಸಿ. ಎರಡು ಪಂದ್ಯದಲ್ಲಿ ಗೋಲು ಬರಲಿಲ್ಲ ಅಂತ ಎಬ್ಬಿಸಬೇಡಿ.

ಎರಡು: ಡಿಫೆನ್ಸ್ ಮಧ್ಯದಲ್ಲಿ ಮೂವತ್ತು ದಾಟಿದವರ ಪಕ್ಕ ಈಗಿಂದಲೇ ಒಬ್ಬ ಎಳೆಯನನ್ನು ತಯಾರು ಮಾಡಿ. ಕೀಪರ್‌ಗೂ ಅದೇ ಮಾತು. ಹಳೇ ನಟ ರಿಟೈರ್ ಆದ ಮೇಲೆ ಹೊಸ ಮುಖ ಹುಡುಕಿದರೆ ಶೂಟಿಂಗ್ ನಿಲ್ಲುತ್ತೆ.

ಮೂರು: ಆಯ್ಕೆಗೆ ಬಂದ ಹುಡುಗನಿಗೆ "ನೀನು ಎಲ್ಲಿ ಆಡ್ತೀಯಪ್ಪಾ?" ಅಂತ ಒಂದು ಮಾತು ಕೇಳಿ. ಅವನ ಜಾಗದಲ್ಲಿ ನಿಲ್ಲಿಸಿ, ಹತ್ತು ನಿಮಿಷದ ಬದಲು ಒಂದು ಇಡೀ ಪಂದ್ಯ ಆಡಿಸಿ. ಕಾಸು ಖರ್ಚಾಗೋದಿಲ್ಲ.

ಕಷ್ಟ ಇದೆ, ಗೊತ್ತು. 2025ರ ಜುಲೈನಲ್ಲಿ ಐಎಸ್‌ಎಲ್‌ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ನಮ್ಮ ಕ್ಲಬ್ಬು ಆಟಗಾರರ ಸಂಬಳ ನಿಲ್ಲಿಸಬೇಕಾಯ್ತು. ಸೆಪ್ಟೆಂಬರಿಗೆ ಶುರುವಾಗಬೇಕಿದ್ದ ಲೀಗು ಆ ವರ್ಷ ಮುಗಿದರೂ ಶುರುವಾಗಲಿಲ್ಲ. ಆದರೆ ಲೀಗು ನಿಂತರೂ ಬೀದಿಯಲ್ಲಿ ಗೋಡೆಗೆ ಚೆಂಡು ಹೊಡೆಯೋ ಹುಡುಗರು ನಿಲ್ಲಲಿಲ್ಲ. ಹಣದ ಬರ ಬಂದಾಗಲಾದರೂ ಮನೆ ಮಕ್ಕಳ ನೆನಪು ಬರಬಾರದೇ?

* * *

ಕ್ಲಬ್ಬಿನವರಿಗೆ ಬುದ್ಧಿ ಹೇಳಿದ್ದಾಯ್ತು. ನನಗೆ ಹೇಳಿಕೊಳ್ಳೋದೂ ಒಂದಿದೆ. ಹೀರೋ ಒಬ್ಬನೇ ಸಾಕು ಅಂದುಕೊಂಡ ಪ್ರೇಕ್ಷಕನೂ ಈ ಪಿಕ್ಚರಿನ ಪಾಲುದಾರನೇ. ಊರಿನ ಲೀಗಿನಲ್ಲಿ ಖಾಲಿ ಬೆಂಚುಗಳ ಮುಂದೆ ಹುಡುಗರು ಆಡ್ತಾರೆ. ನಾವು ಯಾರೂ ನೋಡದಿದ್ದರೆ ಅವರನ್ನ ಕ್ಲಬ್ಬಿನವರು ಯಾಕೆ ನೋಡ್ತಾರೆ?

ಮೊನ್ನೆ ಎಡಗಾಲಿನ ಹುಡುಗ ಸಿಕ್ಕಿದ್ದ, ಅದೇ ಟೀ ಅಂಗಡಿ ಮುಂದೆ. "ಒಂದು ಭಾನುವಾರ ರಜಾ ಹಾಕೋ, ಊರಿನ ಲೀಗ್ ಪಂದ್ಯಕ್ಕೆ ಹೋಗೋಣ, ಟಿಕೆಟ್ಟು, ಬೋಂಡ ಎಲ್ಲ ನಂದು" ಅಂದೆ. ನನ್ನ ಮುಖವನ್ನೇ ನೋಡಿದ.

"ಅದನ್ನೆಲ್ಲ ಯಾರಣ್ಣ ನೋಡ್ತಾರೆ ಈಗ?" ಅಂದ. ನಗಲಿಲ್ಲ.

ಆಮೇಲೆ ಹೆಲ್ಮೆಟ್ ಹಾಕಿಕೊಳ್ತಾ, "ಭಾನುವಾರ ಆರ್ಡರ್ ಜಾಸ್ತಿ. ಬೇರೆ ದಿನ ಇದ್ದರೆ ಹೇಳಿ, ಬರ್ತೀನಿ" ಅಂದು ಗಾಡಿ ಸ್ಟಾರ್ಟ್ ಮಾಡಿದ.

ಪಂದ್ಯದ ಪಟ್ಟಿ ಹುಡುಕ್ತಾ ಇದ್ದೀನಿ, ಸ್ವಾಮಿ. ನೀವೂ ಬರೋದಾದರೆ ಜಾಗ ಬೇಕಾದಷ್ಟಿದೆ. ಹೌಸ್‌ಫುಲ್ ಬೋರ್ಡಿನ ಭಯವಂತೂ ಇಲ್ಲ!

ಮುಂದಿನ ವಾರ ಇದೇ ಕಟ್ಟೆಯಲ್ಲಿ ಸಿಗೋಣ.

— ಗಾಂಧಿ ಕ್ಲಾಸ್ ಗಿರಾಕಿ, ಬಾಪೂಜಿನಗರ