ಯೂರೋಪಿನ ಹಣ್ಣಿನ ಪೇಟೆಯೂ ಮಳಖೇಡ ಸೀಮೆಯ ಮಾವಿನ ಬೇಸಾಯವೂ

ಯೂರೋಪಿನ ಪೇಟೆಗಳಲ್ಲಿ ಭಾರತದ ಮಾವಿನ ಹಣ್ಣಿಗೆ ದೊರೆಯುವ ಬೆಲೆಯ ವರ್ತಮಾನವು ಬೇಸಗೆ ಬಂದಿತೆಂದರೆ ವೃತ್ತಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು ಡಜನ್ ಹಣ್ಣಿನ ಪೆಟ್ಟಿಗೆಗೆ ಅಲ್ಲಿ ಸಿಕ್ಕುವ ಹಣವನ್ನು ರೂಪಾಯಿಗೆ ತಿರುಗಿಸಿ ನೋಡಿದ ಭೂಮಾಲೀಕರಿಗೆ, ತೊಗರಿಯ ಹೊಲವನ್ನು ಮಾವಿನ ತೋಪಾಗಿ ಮಾರ್ಪಡಿಸಬೇಕೆಂಬ ಆಸೆ ಹುಟ್ಟುವುದು ಸಹಜವೇ ಸರಿ. ಮಳಖೇಡ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಗ್ರಾಮಮುಖ್ಯರೂ ದೊಡ್ಡ ಹಿಡುವಳಿದಾರರೂ ಈ ವಿಷಯವನ್ನು ಶಾಂತಚಿತ್ತದಿಂದ ಆಲೋಚಿಸುವುದು ಯುಕ್ತವಾಗಿದೆ. ಏಕೆಂದರೆ ತೋಪು ತೊಗರಿಯಂತೆ ವರ್ಷಕ್ಕೊಮ್ಮೆ ಬದಲಾಯಿಸಬಹುದಾದ ಬೆಳೆಯಲ್ಲ. ಕಸಿಯ ಗಿಡವು ಲೆಕ್ಕಕ್ಕೆ ಬರುವಷ್ಟು ಫಲ ಕೊಡುವುದಕ್ಕೆ ನಾಲ್ಕೈದು ವರ್ಷಗಳು ಬೇಕು; ಅಷ್ಟು ಕಾಲ ನೆಲವೂ ನೀರೂ ಬಂಡವಾಳವೂ ಅದರಲ್ಲಿ ಸಿಕ್ಕಿಕೊಂಡಿರುತ್ತವೆ.

ಮೊದಲು ತಿಳಿಯಬೇಕಾದುದು ಆ ಪೇಟೆಯ ಹಂಗಾಮನ್ನು. ಉಷ್ಣದೇಶದ ಹಣ್ಣನ್ನು ಯೂರೋಪು ತಾನು ಬೆಳೆಯುವುದು ಅಲ್ಪ. ಆದುದರಿಂದ ವರ್ಷದ ಹನ್ನೆರಡು ತಿಂಗಳೂ ಒಂದಲ್ಲ ಒಂದು ದೇಶದಿಂದ ತರಿಸಿಕೊಳ್ಳುತ್ತದೆ. ಮಾವಿನ ಬಹುಭಾಗವು ಹಾಲೆಂಡ್ ದೇಶದ ರಾಟರ್‌ಡ್ಯಾಮ್ ಬಂದರಿನಲ್ಲಿ ಇಳಿದು, ಅಲ್ಲಿಂದ ಜರ್ಮನಿ ಮುಂತಾದ ದೇಶಗಳಿಗೆ ಹಂಚಲ್ಪಡುತ್ತದೆ. ಡಿಸೆಂಬರಿನಿಂದ ಮಾರ್ಚಿಯವರೆಗೆ ಪೆರು ದೇಶದ ಹಣ್ಣೇ ಅಲ್ಲಿ ಪ್ರಧಾನವು. ಬ್ರೆಜಿಲ್ ವರ್ಷದ ಬಹುಕಾಲ ಕಳುಹಿಸುತ್ತದೆಯಾದರೂ ಅದರ ಹಣ್ಣಿನ ಭರವು ಸೆಪ್ಟೆಂಬರಿನಿಂದ ಮುಂದಕ್ಕೆ. ಏಪ್ರಿಲಿನಲ್ಲಿ ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ದೇಶದ ಕೊಯ್ಲು ಮೊದಲಾಗುತ್ತದೆ. ಅದರ ಹಿಂದೆಯೇ ಮಾಲಿ, ಬುರ್ಕಿನಾ ಫಾಸೊ, ಸೆನೆಗಲ್ ದೇಶಗಳ ಹಣ್ಣು ಬಂದು ಜುಲೈ ಆಗಸ್ಟ್ ತಿಂಗಳವರೆಗೂ ಪೇಟೆಯನ್ನು ತುಂಬುತ್ತದೆ. ಶರತ್ಕಾಲದಲ್ಲಿ ಸ್ಪೇನ್ ದೇಶದ ದಕ್ಷಿಣ ತೀರದ ಸ್ವಲ್ಪ ಹಣ್ಣು ಸೇರುತ್ತದೆ. ಇದಲ್ಲದೆ ಜೂನ್ ಕಳೆಯುತ್ತಲೇ ಯೂರೋಪಿನ ಸ್ವಂತ ತೋಟಗಳ ಸ್ಟ್ರಾಬೆರಿ, ಚೆರಿ, ಪೀಚ್ ಹಣ್ಣುಗಳು ಅಗ್ಗವಾಗಿ ದೊರೆಯತೊಡಗುವುದರಿಂದ, ಮಾವನ್ನು ಕೇಳುವವರೂ ಕಡಿಮೆಯಾಗುತ್ತಾರೆ.

ಮಳಖೇಡ ಸೀಮೆಯ ಹಣ್ಣು ಬಲಿಯುವುದು ಏಪ್ರಿಲ್ ಕೊನೆಯಿಂದ ಜೂನ್ ವರೆಗೆ. ಎಂದರೆ ಪಶ್ಚಿಮ ಆಫ್ರಿಕದ ಹಣ್ಣಿನ ಭರದ ಕಾಲದಲ್ಲಿಯೇ. ಅಲ್ಲಿಂದ ಹಡಗು ಎರಡು ವಾರಗಳ ಆಸುಪಾಸಿನಲ್ಲಿ ಯೂರೋಪನ್ನು ಮುಟ್ಟುತ್ತದೆ. ಅವರು ಕಳುಹಿಸುವ ಕೆಂಟ್ ಜಾತಿಯು ಗಟ್ಟಿ ಸಿಪ್ಪೆಯದು, ಕೆಂಬಣ್ಣದ್ದು, ಹಡಗಿನ ಪ್ರಯಾಣವನ್ನು ತಾಳತಕ್ಕದ್ದು. ಮುಂಬಯಿ ಕಡೆಯ ಬಂದರಿನಿಂದ ಹೊರಟ ಹಡಗಿಗಾದರೋ ಸುಯೆಜ್ ಕಾಲುವೆಯ ಮಾರ್ಗದಲ್ಲಿಯೇ ಮೂರು ನಾಲ್ಕು ವಾರಗಳು ಬೇಕಾಗುತ್ತವೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ಮೊದಲಾದಾಗ, ಅನೇಕ ಹಡಗುಗಳು ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಿಹೋಗಬೇಕಾಯಿತು. ಮಾವು ಬಹಳ ಚಳಿಯನ್ನು ಸಹಿಸುವ ಹಣ್ಣಲ್ಲ. ಹೆಚ್ಚು ತಂಪಿನಲ್ಲಿಟ್ಟರೆ ಸಿಪ್ಪೆ ಕಪ್ಪಾಗಿ ಒಳಗೆ ರುಚಿ ಕೆಡುತ್ತದೆ. ಆದಕಾರಣ ಆಪೂಸ್, ಕೇಸರ್, ಬೇನಿಶಾ ಜಾತಿಗಳು ಬಹುಮಟ್ಟಿಗೆ ವಿಮಾನದಲ್ಲಿಯೇ ಹೋಗುತ್ತವೆ. ವಿಮಾನದ ಬಾಡಿಗೆಯು ತೋಪಿನಲ್ಲಿ ಹಣ್ಣಿಗೆ ಸಿಕ್ಕುವ ಬೆಲೆಯನ್ನೇ ಮೀರಿಸುವಂಥದು. ವೃತ್ತಪತ್ರಿಕೆಯಲ್ಲಿ ಕಂಡ ದೊಡ್ಡ ಬೆಲೆಯ ಬಹುಪಾಲು ವಿಮಾನಕ್ಕೂ, ಪೆಟ್ಟಿಗೆಗೂ, ಶುದ್ಧೀಕರಣಕ್ಕೂ, ಅಲ್ಲಿಯ ವರ್ತಕನಿಗೂ ಸಲ್ಲುತ್ತದೆ. ಬೆಳೆದವನಿಗೆ ಉಳಿಯುವುದು ಅದರ ಒಂದು ಚಿಕ್ಕ ಪಾಲು ಮಾತ್ರ.

ಕೊಳ್ಳುವವರು ಯಾರೆಂಬುದನ್ನೂ ನೋಡಬೇಕು. ಅಷ್ಟು ಬೆಲೆ ಕೊಟ್ಟು ಈ ಹಣ್ಣನ್ನು ಬಯಸುವವರು ಮುಖ್ಯವಾಗಿ ಅಲ್ಲಿ ನೆಲಸಿರುವ ಭಾರತೀಯರೂ ನೆರೆಯ ದೇಶಗಳವರೂ. ಜೂನ್ ತಿಂಗಳಿನಿಂದ ಪಾಕಿಸ್ತಾನದ ಹಣ್ಣೂ ಅದೇ ಅಂಗಡಿಗಳಿಗೆ ಬರುತ್ತದೆ. ವರ್ಷಕ್ಕೆ 2 ಕೋಟಿ ಟನ್ನಿಗೂ ಮೀರಿ ಮಾವು ಬೆಳೆಯುವ ಭಾರತದಿಂದ ತಾಜಾ ಹಣ್ಣಾಗಿ ಹೊರದೇಶಗಳಿಗೆ ಹೋಗುವುದು ನೂರರಲ್ಲಿ ಒಂದು ಪಾಲೂ ಇಲ್ಲ. ಅದರಲ್ಲಿಯೂ ಕೊಲ್ಲಿಯ ಅರಬ್ ದೇಶಗಳ ಪಾಲೇ ದೊಡ್ಡದು. ಇಂಥ ಕಿರಿದಾದ ಬಾಗಿಲನ್ನು ನಂಬಿ ನೂರಾರು ಎಕರೆ ನೆಡುವುದು ವಿವೇಕವಾಗಲಾರದು.

ವಿಜಾಪುರ ಸೀಮೆಯ ನೆರೆಯಲ್ಲಿರುವ ಮಹಾರಾಷ್ಟ್ರದ ದ್ರಾಕ್ಷಿಯ ಬೆಳೆಗಾರರು ಯೂರೋಪಿನಲ್ಲಿ ಗೆಲ್ಲಲಿಲ್ಲವೇ ಎಂದು ಕೆಲವರು ಕೇಳಬಹುದು. ಗೆದ್ದುದು ನಿಜ. ಆದರೆ ಆ ಗೆಲುವಿನ ಕಾರಣವೇ ಈ ವಾದಕ್ಕೆ ಆಧಾರವಾಗಿದೆ. ದಕ್ಷಿಣ ಆಫ್ರಿಕ ಮೊದಲಾದ ದೇಶಗಳ ದ್ರಾಕ್ಷಿ ಇಳಿಮುಖವಾಗಿ, ಈಜಿಪ್ಟಿನ ದ್ರಾಕ್ಷಿ ಇನ್ನೂ ಬಾರದ ಫೆಬ್ರುವರಿ, ಮಾರ್ಚಿ, ಏಪ್ರಿಲ್ ತಿಂಗಳುಗಳಲ್ಲಿ ಭಾರತದ ದ್ರಾಕ್ಷಿ ಅಲ್ಲಿಗೆ ಮುಟ್ಟುತ್ತದೆ. ಅದು ಕೊರೆಯುವ ತಂಪಿನಲ್ಲಿ ವಾರಗಟ್ಟಲೆ ಕೆಡದೆ ಹಡಗಿನಲ್ಲಿ ಹೋಗಬಲ್ಲುದು. ಹಂಗಾಮಿನ ಒಂದು ಸಂದಿ ಅವರಿಗೆ ದೊರೆಯಿತು, ಸಾಗಾಟವೂ ಅಗ್ಗವಾಯಿತು. ಮಾವಿಗೆ ಅಂಥ ಸಂದಿಯೆಂದರೆ, ಪೆರು ದೇಶದ ಹಣ್ಣು ಮುಗಿದು ಆಫ್ರಿಕದ್ದು ಇನ್ನೂ ಸರಿಯಾಗಿ ಬಾರದ ಏಪ್ರಿಲಿನ ಕೆಲವೇ ದಿನಗಳು. ಆಗ ಈ ಸೀಮೆಯ ತೋಪುಗಳಲ್ಲಿ ಕಾಯಿ ಇನ್ನೂ ಬಲಿತಿರುವುದಿಲ್ಲ.

ಹಂಗಾಮಿನ ಅಡ್ಡಿಯನ್ನು ಯಾವ ಬೆಳೆಗಾರನೂ ತೆಗೆಯಲಾರನು. ಎರಡನೆಯ ಅಡ್ಡಿಯು ಹುಳುವಿನದು. ಅದನ್ನು ತೆಗೆಯುವುದು ಮನುಷ್ಯರಿಂದ ಸಾಧ್ಯವು, ಆದರೆ ಒಬ್ಬನಿಂದ ಸಾಧ್ಯವಿಲ್ಲ. 2013ರಲ್ಲಿ ಭಾರತದಿಂದ ಹೋದ ಹಣ್ಣು ತರಕಾರಿಗಳ 207 ರವಾನೆಗಳಲ್ಲಿ ಹಣ್ಣಿನ ನೊಣ ಮುಂತಾದ ಕೀಟಗಳು ಸಿಕ್ಕಿದ ಕಾರಣ, ಯೂರೋಪಿನ ಒಕ್ಕೂಟವು 2014ರ ಮೇ 1ರಿಂದ ಭಾರತದ ಮಾವನ್ನೂ ನಾಲ್ಕು ಬಗೆಯ ತರಕಾರಿಗಳನ್ನೂ ನಿಷೇಧಿಸಿತು. ಹಂಗಾಮು ಭರದಲ್ಲಿದ್ದಾಗಲೇ ಬಾಗಿಲು ಮುಚ್ಚಿತು. ಕಳುಹಿಸುವುದಕ್ಕೆ ಸಿದ್ಧವಾಗಿದ್ದ ಉತ್ತಮವಾದ ಹಣ್ಣೆಲ್ಲ ಒಳನಾಡಿನ ಪೇಟೆಗೆ ತಿರುಗಬೇಕಾಯಿತು. ಹುಳು ಸಿಕ್ಕಿದುದು ಯಾರ ತೋಪಿನ ಹಣ್ಣಿನಲ್ಲೋ. ನಷ್ಟವು ಹುಳುವಿಲ್ಲದ ತೋಪಿನವನಿಗೂ ತಟ್ಟಿತು. ಪರೀಕ್ಷೆಯ ಏರ್ಪಾಡು ಸುಧಾರಿಸಿದ ಮೇಲೆ 2015ರ ಆರಂಭದಲ್ಲಿ ಮಾವಿನ ನಿಷೇಧವು ತೆಗೆಯಲ್ಪಟ್ಟಿತು. ಅದರ ತರುವಾಯ ಹಣ್ಣನ್ನು 48 ಡಿಗ್ರಿ ಸೆಂಟಿಗ್ರೇಡ್ ಬಿಸಿಯ ನೀರಿನಲ್ಲಿ 60 ನಿಮಿಷ ಮುಳುಗಿಸಿಡುವ ಕ್ರಮ ರೂಢಿಗೆ ಬಂದಿದೆ. 2019ರ ಸೆಪ್ಟೆಂಬರಿನಿಂದ ಒಕ್ಕೂಟವು ಹಣ್ಣಿನ ನೊಣದ ವಿಷಯದಲ್ಲಿ ಹೊರದೇಶಗಳ ಮಾವಿಗೆ ನಿಯಮಗಳನ್ನು ಇನ್ನೂ ಬಿಗಿಮಾಡಿತು.

ಈ ನೊಣದ ರೀತಿಯನ್ನು ಬಲ್ಲವರಿಗೆ ಗ್ರಾಮದ ಹೊಣೆ ಎಷ್ಟೆಂಬುದು ತಾನೇ ತಿಳಿಯುತ್ತದೆ. ಬಲಿಯುತ್ತಿರುವ ಕಾಯಿಯ ಸಿಪ್ಪೆಯನ್ನು ಚುಚ್ಚಿ ಹೆಣ್ಣು ನೊಣವು ಮೊಟ್ಟೆಯಿಡುತ್ತದೆ. ಹುಳುಗಳು ತಿರುಳನ್ನು ತಿಂದು, ಹಣ್ಣು ಉದುರಿದ ಮೇಲೆ ಹೊರಬಿದ್ದು, ಮಣ್ಣಿನೊಳಗೆ ಸೇರಿ ಕೋಶವಾಗಿ, ಪುನಃ ನೊಣಗಳಾಗಿ ಏಳುತ್ತವೆ. ಮುಂಗಾರಿನ ಮುಂಚಿನ ಮಳೆ ಬಿದ್ದ ಮೇಲೆ ಅವುಗಳ ಹಾವಳಿ ಬಲವಾಗುತ್ತದೆ. ಉದುರಿದ ಹಣ್ಣನ್ನು ದಿನದಿನವೂ ಆಯ್ದು ಆಳವಾಗಿ ಹೂಳುವುದು, ಗಿಡದ ಬುಡದ ಮಣ್ಣನ್ನು ಕೆದಕಿ ಕೋಶಗಳನ್ನು ಬಿಸಿಲಿಗೆ ಒಡ್ಡುವುದು, ಗಂಡು ನೊಣಗಳನ್ನು ಸೆಳೆದು ಕೊಲ್ಲುವ ಮೀಥೈಲ್ ಯೂಜಿನಾಲ್ ಬಲೆಗಳನ್ನು ತೂಗುಹಾಕುವುದು, ಬಲಿತ ಕಾಯಿಯನ್ನು ಗಿಡದಲ್ಲಿ ಬಿಡದೆ ಕೀಳುವುದು, ಇವು ಕಷ್ಟದ ಕೆಲಸಗಳಲ್ಲ. ಖರ್ಚಿನ ಕೆಲಸಗಳೂ ಅಲ್ಲ. ಆದರೆ ನೊಣಕ್ಕೆ ಹೊಲದ ಬದು ತಿಳಿಯದು. ಒಬ್ಬರು ಹತ್ತು ಎಕರೆ ತೋಪನ್ನು ಶುದ್ಧವಾಗಿಟ್ಟುಕೊಂಡರೂ, ಪಕ್ಕದ ಮನೆಯ ಹಿತ್ತಲಿನ ಎರಡು ಮರಗಳ ಕೆಳಗೆ ಹಣ್ಣು ಕೊಳೆತು ಬಿದ್ದಿದ್ದರೆ ಆ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಕಾನೂನು ಈ ಕೆಲಸವನ್ನು ಮಾಡಿಸಲಾರದು. ಊರಿನ ಹಿರಿಯರ ಮಾತು ಮಾಡಿಸಬಲ್ಲುದು.

ಔಷಧಿಯ ಶೇಷದ ವಿಷಯವೂ ಇದೇ ಬಗೆಯದು. 2010ರಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ತಡೆಯುವ ಔಷಧಿಯ ಶೇಷ ಕಂಡುದರಿಂದ ಭಾರತದ ದ್ರಾಕ್ಷಿಯ ರವಾನೆಗಳು ಯೂರೋಪಿನಲ್ಲಿ ತಡೆಹಿಡಿಯಲ್ಪಟ್ಟು, ಬೆಳೆಗಾರರೂ ರವಾನೆದಾರರೂ ಬಹಳ ನಷ್ಟಕ್ಕೆ ಗುರಿಯಾದರು. ಪ್ರತ್ಯೇಕವಾದ ಮಿತಿಯನ್ನು ಗೊತ್ತುಮಾಡದ ಔಷಧಿಗಳಿಗೆ ಅಲ್ಲಿಯ ಮಿತಿಯು ಕಿಲೋಗ್ರಾಮಿಗೆ 0.01 ಮಿಲಿಗ್ರಾಮ್ ಮಾತ್ರ. ಇಲ್ಲಿಯ ರೈತರಿಗೆ ಪರಿಚಿತವಾದ ಕ್ಲೋರ್‌ಪೈರಿಫಾಸ್ ಔಷಧಿಗೆ 2020ರಲ್ಲಿ ಅಲ್ಲಿ ಅನುಮತಿ ತಪ್ಪಿತು. ತೊಗರಿಯ ಕಾಯಿಕೊರಕಕ್ಕೆ ಹೊಡೆದ ಪಂಪನ್ನು ತೊಳೆಯದೆ ಮಾವಿಗೆ ಹೊಡೆಯುವ ಅಭ್ಯಾಸವಿದ್ದಲ್ಲಿ, ಆ ಹಣ್ಣು ಪರೀಕ್ಷೆಯಲ್ಲಿ ನಿಲ್ಲುವುದು ಕಷ್ಟ. ಯಾವ ದಿನ ಯಾವ ಔಷಧಿಯನ್ನು ಎಷ್ಟು ಹೊಡೆಯಲಾಯಿತೆಂಬ ಲೆಕ್ಕದ ಪುಸ್ತಕವಿಲ್ಲದ ತೋಪಿಗೆ ಆ ಪೇಟೆಯಲ್ಲಿ ಹೆಸರೇ ಇಲ್ಲ.

ಇಲ್ಲಿ ಭೂಮಾಲೀಕರ ಒಂದು ಅಭ್ಯಾಸವನ್ನು ಸ್ಪಷ್ಟವಾಗಿ ಆಕ್ಷೇಪಿಸಬೇಕಾಗಿದೆ. ಹೂ ಬಿಟ್ಟಾಗಲೇ ತೋಪನ್ನು ಗುತ್ತಿಗೆಗೆ ಕೊಟ್ಟು ಹಣ ಪಡೆದು ಸುಮ್ಮನಿರುವುದು ಅನೇಕ ಕಡೆಗಳಲ್ಲಿ ನಡೆದುಬಂದಿದೆ. ಗುತ್ತಿಗೆದಾರನಿಗೆ ಆ ವರ್ಷದ ಫಲ ಬೇಕೇ ಹೊರತು ಗಿಡದ ಕ್ಷೇಮ ಬೇಕಾಗಿಲ್ಲ. ಉದುರಿದ ಹಣ್ಣನ್ನು ಅವನು ಆಯಿಸುವುದಿಲ್ಲ, ಔಷಧಿಯ ಲೆಕ್ಕವಿಡುವುದಿಲ್ಲ, ಕಾಯಿಯನ್ನು ಬಡಿದು ಬೀಳಿಸಿ ಗಾಯಮಾಡುತ್ತಾನೆ. ಈ ಪದ್ಧತಿಯನ್ನು ಬಿಡದೆ ಯೂರೋಪಿನ ಮಾತಾಡುವುದು ಬರಿಯ ಮಾತಾಗಿಯೇ ಉಳಿಯುವುದು.

ನೆಲದ ಗುಣವನ್ನೂ ಮರೆಯಬಾರದು. ಮಳಖೇಡ, ಸೇಡಂ, ಶಹಾಬಾದ ಕಡೆಯ ಸುಣ್ಣದ ಕಲ್ಲು ಪ್ರಸಿದ್ಧವಾದುದು. ಸಿಮೆಂಟಿನ ಕಾರ್ಖಾನೆಗಳೂ ಹಾಸುಗಲ್ಲಿನ ಗಣಿಗಳೂ ಅದರಿಂದಲೇ ಬಂದುವು. ಆದರೆ ಸುಣ್ಣ ಹೆಚ್ಚಾದ ಮಣ್ಣಿನಲ್ಲಿ ಮಾವಿನ ಎಲೆ ಕಬ್ಬಿಣದ ಅಂಶ ಸಾಲದೆ ಹಳದಿಯಾಗುತ್ತದೆ. ನೀರು ಬಸಿಯದ ಆಳವಾದ ಎರೆಯಲ್ಲಿ ಬೇರು ಕೊಳೆಯುತ್ತದೆ. ಚಿಂಚೋಳಿ ಕಡೆಯ ನೀರು ಬಸಿಯುವ ಕೆಂಪು ನೆಲವು ಮಾವಿಗೆ ಮೇಲು. ಎರೆಯ ನೆಲವಾದರೋ ತೊಗರಿಗೆ ತವರು. ಗುಲಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿರುವಾಗ, ಹೆಸರು ಪಡೆದ ಬೆಳೆಯನ್ನು ಕಿತ್ತು, ಹೆಸರಿಲ್ಲದ ಬೆಳೆಯನ್ನು ದೂರದ ಪೇಟೆಗಾಗಿ ನೆಡುವುದಕ್ಕೆ ಬಲವಾದ ಕಾರಣ ಬೇಕು.

ಹಾಗಾದರೆ ಈ ಸೀಮೆಯವರು ದೂರದ ವ್ಯಾಪಾರದ ಆಸೆಯನ್ನೇ ಬಿಡಬೇಕೆ? ಬಿಡಬೇಕಾಗಿಲ್ಲ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವನ್ನು ಅರಬ್ ಬರಹಗಾರರು ಮಾನ್ಕೀರ್ ಎಂದು ಹೆಸರಿಸಿ ವರ್ಣಿಸಿದ್ದಾರೆ. ಕಡಲಾಚೆಯವರಿಗೆ ಈ ಊರು ಅಪರಿಚಿತವಲ್ಲ. ಆದರೆ ಕ್ರಮ ತಪ್ಪಬಾರದು. ತಕ್ಕ ನೆಲವುಳ್ಳವರು ತಮ್ಮ ಹಿಡುವಳಿಯ ಒಂದು ಪಾಲಿನಲ್ಲಿ ಮಾತ್ರ ತೋಪು ಮಾಡಿ, ಹತ್ತಿರದ ಕಲಬುರಗಿ, ಹೈದರಾಬಾದ್, ಸೊಲ್ಲಾಪುರ ಪೇಟೆಗಳ ಬೆಲೆಯಲ್ಲಿಯೇ ಅದು ನಿಲ್ಲುವುದೇ ಎಂದು ಮೊದಲು ಲೆಕ್ಕ ಹಾಕಬೇಕು. ಆ ಬೆಲೆಯಲ್ಲಿ ನಿಲ್ಲದ ತೋಪನ್ನು ಯೂರೋಪು ನಿಲ್ಲಿಸಲಾರದು. ನಿಂತರೆ, ಆಯ್ದ ಉತ್ತಮ ಹಣ್ಣನ್ನು ಮಾತ್ರ ಅಪೇಡಾ ಸಂಸ್ಥೆಯ ನೋಂದಣಿಯೊಂದಿಗೆ ಹೊರಕ್ಕೆ ಕಳುಹಿಸಬಹುದು. ಅದು ಲಾಭದ ಮೇಲಿನ ಲಾಭವಾಗುವುದು. ಒಂದು ವರ್ಷ ಬಾಗಿಲು ಮುಚ್ಚಿದರೂ ಮನೆ ಮುಳುಗುವುದಿಲ್ಲ.

ಗ್ರಾಮಮುಖ್ಯರ ಹೊಣೆ ಇಲ್ಲಿ ಇಮ್ಮಡಿಯಾದುದು. ದೊಡ್ಡ ಹೊಲದವರು ನೆಟ್ಟುದನ್ನು ನೋಡಿ ನಾಲ್ಕೆಕರೆಯವನೂ ಸಾಲ ತಂದು ನೆಡುತ್ತಾನೆ. ನೂರೆಕರೆಯವರು ಐದು ವರ್ಷ ಕಾಯಬಲ್ಲರು, ನಾಲ್ಕೆಕರೆಯವನು ಕಾಯಲಾರನು. ಆದುದರಿಂದ ಬರುವ ಮಳೆಗಾಲದಲ್ಲಿ ಸಸಿ ತರಿಸುವುದಕ್ಕೆ ಮುಂಚೆ ಊರಿನವರನ್ನು ಕೂಡಿಸಿ, ಮಣ್ಣನ್ನು ಪರೀಕ್ಷೆ ಮಾಡಿಸಿ, ತಾಲ್ಲೂಕಿನ ತೋಟಗಾರಿಕೆ ಅಧಿಕಾರಿಗಳ ಸಲಹೆ ಪಡೆದು, ಈಗಿರುವ ಮರಗಳ ಕೆಳಗಿನ ಹಣ್ಣನ್ನು ಎಲ್ಲರೂ ಒಂದಾಗಿ ಆಯುವ ಕಟ್ಟುಪಾಡನ್ನು ಮಾಡತಕ್ಕದ್ದು. ಈ ಕಟ್ಟುಪಾಡು ಎರಡು ಹಂಗಾಮು ತಪ್ಪದೆ ನಡೆದರೆ ಆ ಊರು ಹೊರದೇಶದ ಮಾತನ್ನು ಧೈರ್ಯವಾಗಿ ಆಡಬಹುದು. ನಡೆಯದಿದ್ದರೆ ತೊಗರಿಯನ್ನೇ ಚೆನ್ನಾಗಿ ಬೆಳೆಯುವುದು ಶ್ರೇಯಸ್ಕರವು.