ಸೇವೆಗೂ ಒಂದು ಪಂಚಾಂಗ

ಏಪ್ರಿಲ್ ತಿಂಗಳಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಆರಂಭವಾಗುತ್ತಲೇ ಘಟ್ಟದ ರಸ್ತೆಗಳಲ್ಲಿ ನಗರದ ಕಾರುಗಳ ಸಾಲು ಕಾಣಿಸತೊಡಗುತ್ತದೆ. ತಂದೆ, ತಾಯಿ, ಮಕ್ಕಳು, ಕೆಲವೊಮ್ಮೆ ಅಜ್ಜ ಅಜ್ಜಿಯರೂ ಕೂಡಿ ಕೊಡಗು, ಚಿಕ್ಕಮಗಳೂರು, ಸಕಲೇಶಪುರ, ಶಿರಸಿಗಳತ್ತ ಹೊರಡುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಈ ಪ್ರವಾಸದ ಸ್ವರೂಪದಲ್ಲಿ ಒಂದು ಬದಲಾವಣೆಯಾಗಿದೆ. ಜಲಪಾತ ನೋಡಿ, ಫೋಟೋ ತೆಗೆದುಕೊಂಡು ಹಿಂದಿರುಗಿದರೆ ಸಾಲದು, ಮಕ್ಕಳು ಏನಾದರೂ ಕಲಿಯಬೇಕು, ಬಂದ ನೆಲಕ್ಕೆ ಏನಾದರೂ ಕೊಟ್ಟು ಹೋಗಬೇಕು ಎಂದು ಅನೇಕ ತಂದೆತಾಯಿಯರಿಗೆ ಅನ್ನಿಸತೊಡಗಿದೆ. ಈ ಬಯಕೆಗೆ ತಕ್ಕಂತೆ ಹೋಮ್‌ಸ್ಟೇಗಳೂ ಪ್ರವಾಸ ಏರ್ಪಡಿಸುವವರೂ ಅರ್ಧ ದಿನದ ಗಿಡ ನೆಡುವಿಕೆ, ಚಾರಣದ ಹಾದಿಯಲ್ಲಿ ಕಸ ಹೆಕ್ಕುವಿಕೆ, ಬೀಜದುಂಡೆಗಳ ಎಸೆತ, ಹಳ್ಳಿಯ ಶಾಲೆಯಲ್ಲಿ ಒಂದು ಗಂಟೆಯ ಪಾಠ ಮುಂತಾದವನ್ನು ಪ್ರವಾಸದ ಪಟ್ಟಿಗೆ ಸೇರಿಸಿಕೊಂಡಿದ್ದಾರೆ.

ಇದರ ಹಿಂದಿನ ಸದುದ್ದೇಶವನ್ನು ಶಂಕಿಸಬೇಕಾಗಿಲ್ಲ. ಮಕ್ಕಳನ್ನು ಪರದೆಯ ಮುಂದಿನಿಂದ ಎಬ್ಬಿಸಿ ಮಣ್ಣಿಗೆ ಇಳಿಸಬೇಕೆಂಬ ಹಂಬಲ ಗೌರವಕ್ಕೆ ಯೋಗ್ಯವಾದುದೇ. ಆದರೆ ಮಲೆನಾಡಿನ ಹಳ್ಳಿಗಳು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಈ ಸೇವೆ ಯಾರ ಬಿಡುವಿಗೆ ಹೊಂದಿಕೊಂಡು ನಡೆಯುತ್ತಿದೆ? ಬಂದವರ ರಜೆಗೋ, ಬೆಟ್ಟದ ಋತುವಿಗೋ?

ಏಪ್ರಿಲ್ ಕೊನೆಯ ವಾರದಲ್ಲಿ ಬರುವ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ತಾಯಿ ತಿಂಗಳಿಗೆ ಮೊದಲೇ ಕೋಣೆ ಕಾದಿರಿಸಿದ್ದಾಳೆ. ಮಗಳಿಗೆ ಹನ್ನೊಂದು ವರ್ಷ, ಮಗನಿಗೆ ಏಳು. ಬೆಳಗ್ಗೆ ಗುಡ್ಡದ ಮೇಲೆ ಮೊದಲೇ ತೋಡಿಟ್ಟ ಗುಂಡಿಗಳಲ್ಲಿ ಇಬ್ಬರೂ ಒಂದೊಂದು ಸಸಿ ನೆಡುತ್ತಾರೆ, ಕೊಡದಲ್ಲಿ ತಂದ ನೀರೆರೆಯುತ್ತಾರೆ, ಸಸಿಗೆ ತಮ್ಮ ಹೆಸರಿನ ಚೀಟಿ ಕಟ್ಟುತ್ತಾರೆ. ಮಕ್ಕಳ ಮುಖದ ಸಂತೋಷ ಕಂಡು ತಾಯಿಗೆ ಧನ್ಯತೆ. ಮೂರನೆಯ ದಿನ ಕುಟುಂಬ ಬೆಂಗಳೂರಿಗೆ ಮರಳುತ್ತದೆ. ಮುಂಗಾರಿಗೆ ಇನ್ನೂ ಐದಾರು ವಾರಗಳಿವೆ. ಆ ಗುಡ್ಡಕ್ಕೆ ನೀರು ಹೊತ್ತು ಹೋಗುವವರು ಯಾರೂ ಇಲ್ಲ. ‘ನನ್ನ ಗಿಡ ಎಷ್ಟು ಎತ್ತರವಾಗಿದೆ?’ ಎಂದು ಮಗಳು ಮುಂದಿನ ವರ್ಷ ಕೇಳಿದರೆ ತಾಯಿಯಲ್ಲಿ ಉತ್ತರವಿರುವುದಿಲ್ಲ.

ಇಲ್ಲಿ ತಪ್ಪು ಮಗುವಿನದಲ್ಲ, ತಾಯಿಯದೂ ಅಲ್ಲ. ತಪ್ಪಿರುವುದು ಕಾಲದ ಲೆಕ್ಕಾಚಾರದಲ್ಲಿ. ಮಲೆನಾಡಿನಲ್ಲಿ ಕಾಡುಗಿಡ ನೆಡುವ ಕಾಲ ಮೃಗಶಿರ, ಆರಿದ್ರಾ ಮಳೆಗಳದು, ಅಂದರೆ ಜೂನ್ ಎರಡನೆಯ ವಾರದಿಂದ ಜುಲೈ ಮೊದಲ ವಾರದವರೆಗೆ. 1950ರಲ್ಲಿ ವನಮಹೋತ್ಸವವನ್ನು ಆರಂಭಿಸಿದ ಕೆ.ಎಂ. ಮುನ್ಷಿಯವರು ಜುಲೈ ತಿಂಗಳನ್ನು ಆರಿಸಿಕೊಂಡದ್ದರ ಹಿಂದೆಯೂ ಮಳೆಯ ಲೆಕ್ಕವೇ ಇತ್ತು. ಆಗ ನೆಟ್ಟ ಸಸಿಗೆ ಬೇರಿಳಿಸಲು ಮೂರು ನಾಲ್ಕು ತಿಂಗಳು ಸಿಗುತ್ತದೆ. ಅಕ್ಟೋಬರಿನ ದಸರಾ ರಜೆಯಲ್ಲಿ ನೆಟ್ಟದ್ದು ಬೇರೂರುವ ಮೊದಲೇ ಒಣಹವೆಗೆ ಸಿಲುಕುತ್ತದೆ. ಏಪ್ರಿಲಿನಲ್ಲಿ ಎಸೆದ ಬೀಜದುಂಡೆ ಅಡ್ಡಮಳೆಯೊಂದಕ್ಕೆ ಕರಗಿ ಮೊಳೆತರೂ ಮುಂದಿನ ಮಳೆ ಬರುವುದರೊಳಗೆ ಬಾಡಿಹೋಗಬಹುದು. ಶಾಲೆಯ ರಜೆಯ ಪಟ್ಟಿಯಲ್ಲಿ ಇವಾವುದಕ್ಕೂ ಜಾಗವಿಲ್ಲ.

ಇನ್ನೊಂದು ತೊಂದರೆ ಇದಕ್ಕಿಂತ ಗಹನವಾದುದು. ಸೇವೆ ಮಾಡಲು ಜನ ಹಣ ಕೊಟ್ಟು ಬರತೊಡಗಿದಾಗ, ಅವರಿಗೆ ಒದಗಿಸಲು ಸೇವೆಯ ಅವಕಾಶಗಳನ್ನು ಸೃಷ್ಟಿಸಬೇಕಾಗುತ್ತದೆ. ಇದರ ಅತಿ ದಾರುಣ ಉದಾಹರಣೆ ಕಾಂಬೋಡಿಯಾದ್ದು. ಅಲ್ಲಿನ ಅನಾಥಾಲಯಗಳಲ್ಲಿ ಸೇವೆ ಸಲ್ಲಿಸಲು ವಿದೇಶೀ ಪ್ರವಾಸಿಗರು ಬರತೊಡಗಿದಂತೆ ಅನಾಥಾಲಯಗಳ ಸಂಖ್ಯೆಯೂ ಬೆಳೆಯಿತು. ಅಲ್ಲಿನ ಸರಕಾರ ಯುನಿಸೆಫ್ ನೆರವಿನೊಡನೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಂಥ ನಿಲಯಗಳಲ್ಲಿದ್ದ ಸುಮಾರು ನಾಲ್ವರು ಮಕ್ಕಳಲ್ಲಿ ಮೂವರಿಗೆ ತಂದೆಯೋ ತಾಯಿಯೋ ಜೀವಂತವಾಗಿದ್ದರು. ನೆರವಾಗಬೇಕೆಂಬ ಒಳ್ಳೆಯ ಮನಸ್ಸೇ ಬಡಮಕ್ಕಳನ್ನು ಮನೆಯಿಂದ ಅಗಲಿಸುವ ವ್ಯವಸ್ಥೆಗೆ ಇಂಬು ಕೊಟ್ಟಿತ್ತು.

ಬೆಟ್ಟದ ನೆಲದ ವಿಷಯದಲ್ಲಿಯೂ ಇದೇ ಬಗೆಯ ಅಪಾಯವಿದೆ. ಗಿಡ ನೆಡಲು ಬರುವವರಿಗೆ ಬಯಲು ಜಾಗ ತೋರಿಸಬೇಕು. ಮಲೆನಾಡಿನಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವ ಬಯಲೆಂದರೆ ಹುಲ್ಲುಗಾವಲು. ಕುದುರೆಮುಖ, ಬಾಬಾಬುಡನ್‌ಗಿರಿ, ಪುಷ್ಪಗಿರಿ, ಬ್ರಹ್ಮಗಿರಿಗಳ ನೆತ್ತಿಯ ಹುಲ್ಲು ಬೋಳು ನೆಲವಲ್ಲ, ಕಾಡು ಕಡಿದು ಉಳಿದ ಹಾಳೂ ಅಲ್ಲ. ಕಣಿವೆಯಲ್ಲಿ ಶೋಲಾ ಕಾಡು, ದಿಣ್ಣೆಯ ಮೇಲೆ ಹುಲ್ಲು, ಇವೆರಡೂ ಕೂಡಿಯೇ ಒಂದು ಜೀವಲೋಕ. ತೆಳುವಾದ ಮಣ್ಣನ್ನು ಹಿಡಿದಿಟ್ಟು, ಮಳೆಯ ನೀರನ್ನು ನಿಧಾನವಾಗಿ ಹಳ್ಳಗಳಿಗೆ ಇಳಿಸುವಲ್ಲಿ ಹುಲ್ಲಿನ ದಟ್ಟ ಬೇರುಗಳ ಪಾಲು ದೊಡ್ಡದು. ಕಾಟಿ, ಕಡವೆಗಳ ಮೇವೂ ಅದೇ. ಅಲ್ಲಿ ಗುಂಡಿ ತೋಡಿ ಸಸಿ ಇಡುವುದು ಸೇವೆಯಲ್ಲ, ಹಾನಿ. ಕಡಿದಾದ ಇಳಿಜಾರಿನ ಸಡಿಲ ಮಣ್ಣಿನಲ್ಲಿ ಇಂಗುಗುಂಡಿ ತೋಡುವ ಉತ್ಸಾಹವೂ ಹೀಗೆಯೇ. ನೀರು ಒಳಗೆ ತುಂಬಿಕೊಂಡು ಗುಡ್ಡ ಜರಿಯಲು ಅದು ನೆರವಾದೀತು. 2018ರಲ್ಲಿ ಕೊಡಗು ಮತ್ತು 2024ರಲ್ಲಿ ಶಿರೂರು, ವಯನಾಡುಗಳು ಕಂಡ ಭೂಕುಸಿತಗಳ ನಂತರವಾದರೂ ಇಳಿಜಾರಿಗೆ ಗುದ್ದಲಿ ಹಾಕುವ ಮುನ್ನ ಎರಡು ಬಾರಿ ಯೋಚಿಸಬೇಕಾಗಿದೆ.

ಸೇವೆಗಾಗಿ ಪಯಣ ಬೆಳೆಸುವ ಕಲ್ಪನೆಯೇ ದೋಷಪೂರ್ಣವೆಂದು ಇದರ ಅರ್ಥವಲ್ಲ. ಅದಕ್ಕೊಂದು ಒಳ್ಳೆಯ ಪರಂಪರೆಯಿದೆ. ಮೊದಲ ಮಹಾಯುದ್ಧದ ತರುವಾಯ, 1920ರಲ್ಲಿ, ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಪಿಯೇರ್ ಸೆರೆಸೋಲ್ ಅವರು ಫ್ರಾನ್ಸಿನ ವೆರ್ದಂ ಬಳಿ ಯುದ್ಧದಿಂದ ನೆಲಸಮವಾಗಿದ್ದ ಹಳ್ಳಿಯೊಂದನ್ನು ಮತ್ತೆ ಕಟ್ಟಲು ಹಲವು ದೇಶಗಳ ಸ್ವಯಂಸೇವಕರನ್ನು ಕೂಡಿಸಿದರು. 1934ರ ಜನವರಿ 15ರ ಭೂಕಂಪದಲ್ಲಿ ಬಿಹಾರ ನಲುಗಿದಾಗ ಅವರು ಭಾರತಕ್ಕೂ ಬಂದರು. ಒಮ್ಮೆ ಬಂದು ಹೋದವರಲ್ಲ. ಮುಂದಿನ ವರ್ಷಗಳಲ್ಲಿ ಮತ್ತೆ ಮತ್ತೆ ಬಂದು ಊರವರೊಡನೆ ಹಳ್ಳಿಗಳನ್ನು ಪುನಃ ಕಟ್ಟುವ ಕೆಲಸದಲ್ಲಿ ತೊಡಗಿದರು. ಕೆಲಸ ಮೊದಲೇ ಇತ್ತು, ಅದನ್ನು ಹುಡುಕಿಕೊಂಡು ಅವರು ಬಂದರು. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯೂ ವಿದ್ಯಾರ್ಥಿಗಳಿಂದ ಕೇಳುವುದು ಅರ್ಧ ದಿನವನ್ನಲ್ಲ. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಗಳ ಸೇವೆಯನ್ನು, ಜೊತೆಗೆ ಏಳು ದಿನಗಳ ವಿಶೇಷ ಶಿಬಿರವನ್ನು.

ಮಲೆನಾಡಿನ ಮಟ್ಟಿಗಂತೂ ಕುಟುಂಬದ ರಜೆ ಮತ್ತು ಸೇವೆ ಎಂದೂ ಬೇರೆ ಬೇರೆಯಾಗಿರಲಿಲ್ಲ. ಬೇಸಿಗೆ ರಜೆಯೆಂದರೆ ಅಜ್ಜನ ಮನೆ. ಅಲ್ಲಿಗೆ ಹೋದ ಮಕ್ಕಳು ಹಲಸಿನ ತೊಳೆ ಬಿಡಿಸುತ್ತಿದ್ದರು, ಅಂಗಳದಲ್ಲಿ ಒಣಗಿಸಿದ ಹಪ್ಪಳಕ್ಕೆ ಕಾಗೆ ಕಾಯುತ್ತಿದ್ದರು, ಗೇರುಬೀಜ ಹೆಕ್ಕುತ್ತಿದ್ದರು, ಕೊಟ್ಟಿಗೆಗೆ ದರಕು ಹೊರುತ್ತಿದ್ದರು. ಅದಕ್ಕೆ ಯಾರೂ ಸೇವೆಯೆಂದು ಹೆಸರಿಡಲಿಲ್ಲ, ಪ್ರಮಾಣಪತ್ರ ಕೊಡಲಿಲ್ಲ. ಆ ದಿನಗಳನ್ನು ಹೊಗಳಿ ಅಟ್ಟಕ್ಕೇರಿಸುವುದೂ ಸರಿಯಲ್ಲ. ತವರಿಗೆ ಬಂದ ಹೆಣ್ಣುಮಗಳಿಗೆ ಅಡುಗೆಮನೆಯಿಂದ ರಜೆ ಸಿಗುತ್ತಿದ್ದುದು ಅಪರೂಪ. ಕೂಲಿಕಾರರ ಮಕ್ಕಳ ಪಾಲಿಗೆ ರಜೆಯೆಂಬುದೇ ಇರಲಿಲ್ಲ. ಆದರೂ ಆ ಏರ್ಪಾಟಿನಲ್ಲಿ ಎರಡು ಗುಣಗಳಿದ್ದವು. ಮಗು ಮಾಡುತ್ತಿದ್ದುದು ಆ ಹೊತ್ತಿಗೆ ಮನೆಗೆ ನಿಜವಾಗಿ ಬೇಕಿದ್ದ ಕೆಲಸ. ಮತ್ತು ಮಗು ಪ್ರತಿ ವರ್ಷ ಅದೇ ಊರಿಗೆ ಮರಳುತ್ತಿತ್ತು. ಕಳೆದ ವರ್ಷ ಕಂಡ ಮರ, ಕರು, ಬಾವಿಗಳು ಏನಾದವೆಂದು ತಾನೇ ನೋಡುತ್ತಿತ್ತು. ಇಂದಿನ ಸೇವಾ ಪ್ರವಾಸಕ್ಕೆ ಬೇಕಾಗಿರುವುದು ಈ ಎರಡು ಗುಣಗಳೇ.

ಹಾಗಾದರೆ ರಜೆಯಲ್ಲಿ ಬರುವ ಕುಟುಂಬ ಮಾಡಬಹುದಾದುದೇನು? ಬೆಟ್ಟದ ಪಂಚಾಂಗವೇ ಇದಕ್ಕೆ ಉತ್ತರ ಕೊಡುತ್ತದೆ.

ಮೇ ತಿಂಗಳು ಬೀಜದ ಕಾಲ. ಹಲಸು, ಮುರುಗಲು ಹಣ್ಣಾಗುತ್ತಿರುತ್ತವೆ, ಹೆಬ್ಬಲಸು ಹಿಂದೆಯೇ ಬರುತ್ತದೆ. ಹಲಸು, ಹೆಬ್ಬಲಸುಗಳ ಬೀಜ ಒಣಗಿದರೆ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಹಸಿಯಿರುವಾಗಲೇ ಊರಬೇಕು. ಮಳೆಗಾಲದಲ್ಲಿ ಹಣ್ಣಾಗುವ ಉಪ್ಪಾಗೆಯ ಬೀಜವಾದರೋ ಮೊಳೆಯಲು ತಿಂಗಳುಗಟ್ಟಲೆ ಕಾಯಿಸುತ್ತದೆ. ಹಿತ್ತಿಲಿನ ಹಣ್ಣಿನಿಂದ ಬೀಜ ಬಿಡಿಸುವುದು, ತೊಳೆಯುವುದು, ಸಸಿಚೀಲಗಳಿಗೆ ಮಣ್ಣು ಗೊಬ್ಬರ ತುಂಬುವುದು ಏಳು ವರ್ಷದ ಮಗುವಿನಿಂದಲೂ ಆಗುವ ಕೆಲಸಗಳು. ಕೆರೆಗಳ ನೀರು ತಳ ಮುಟ್ಟಿರುವ ಆ ದಿನಗಳಲ್ಲಿ ಹೂಳೆತ್ತಲು ದೊಡ್ಡವರ ರಟ್ಟೆಗಳಿಗೂ ಕೆಲಸವಿದೆ. ಅಕ್ಟೋಬರಿನ ದಸರಾ ರಜೆ ಗಿಡ ನೆಡಲು ತಕ್ಕುದಲ್ಲದಿದ್ದರೂ ನೆಟ್ಟ ಗಿಡ ಉಳಿಸಲು ಅತ್ಯಂತ ತಕ್ಕ ಕಾಲ. ಜೂನಿನಲ್ಲಿ ನೆಟ್ಟ ಸಸಿಗಳನ್ನು ಮಳೆಗಾಲದ ಕಳೆ ಆ ಹೊತ್ತಿಗೆ ಮುಚ್ಚಿರುತ್ತದೆ. ಬುಡ ಬಿಡಿಸಿ, ದರಕು ಹೊದಿಸಿ, ಬದುಕಿದವೆಷ್ಟು ಸತ್ತವೆಷ್ಟು ಎಂದು ಬರೆದಿಡುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ನೆಡುವುದು ಅರ್ಧ ಗಂಟೆಯ ಕೆಲಸ, ಉಳಿಸುವುದು ಮೂರು ವರ್ಷಗಳ ಕೆಲಸ.

ನೆಡುವ ಆಸೆಯೇ ಇದ್ದರೆ ಜೂನಿನ ಮಳೆಯಲ್ಲಿ ಎರಡು ದಿನ ಬಿಡುವು ಮಾಡಿಕೊಂಡು ಬರಬೇಕು. ಇಂಬಳ ಕಚ್ಚುತ್ತದೆ, ಬಟ್ಟೆ ಒಣಗುವುದಿಲ್ಲ, ಫೋಟೋಗಳೂ ಮಂಕಾಗಿರುತ್ತವೆ. ಆದರೆ ಗಿಡ ಬದುಕುತ್ತದೆ.

ಮಾಡಬಾರದ ಕೆಲಸಗಳನ್ನೂ ಪಂಚಾಂಗ ಹೇಳುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗುಗಳ ಮೂಲಕ ಹರಡುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗಿನ ಒಣದಿನಗಳು ಅದರ ಕಾಲ. ಕಾಯಿಲೆಯ ಸೀಮೆಯ ಜನರಿಗೆ ಇದು ಗೊತ್ತು. ನಗರದ ತಾಯಿತಂದೆಯರಿಗೆ ಗೊತ್ತಿರುವುದಿಲ್ಲ. ಆ ತಿಂಗಳುಗಳಲ್ಲಿ ಅಂಥ ಕಾಡಿಗೆ ಮಕ್ಕಳನ್ನು ಕರೆದೊಯ್ದು ದರಕು ಗುಡಿಸುವ ಅನುಭವ ಕೊಡಿಸುವುದು ಅಪಾಯಕರ. ಆತಿಥ್ಯ ನೀಡುವವರು ಇದನ್ನು ಮೊದಲೇ ತಿಳಿಸಬೇಕಾದುದು ಕರ್ತವ್ಯ. ಅಬ್ಬಿಯಿಂದ ಪೈಪಿನಲ್ಲಿ ಇಳಿದು ಬರುವ ನೀರು ಬೇಸಿಗೆಯಲ್ಲಿ ನೂಲಿನೆಳೆಯಷ್ಟಾಗಿರುವಾಗ, ಅತಿಥಿಗಳ ಈಜುಕೊಳಕ್ಕೆ ಅದನ್ನೇ ತಿರುಗಿಸುವ ಮನೆಯಲ್ಲಿ ಗಿಡ ನೆಡುವ ಕಾರ್ಯಕ್ರಮ ಇಟ್ಟುಕೊಂಡರೆ ಮಕ್ಕಳು ಕಲಿಯುವುದಾದರೂ ಏನನ್ನು?

‘ಗಿಡ ಬದುಕದಿದ್ದರೂ ಮಗುವಿನ ಮನಸ್ಸಿನಲ್ಲಿ ಪ್ರೀತಿ ಮೊಳೆಯಿತಲ್ಲ, ಅಷ್ಟು ಸಾಲದೇ?’ ಎಂದು ಕೇಳುವವರಿದ್ದಾರೆ. ಸಾಲದು. ಕಾಳಜಿಯೆಂದರೆ ಒಂದು ಬೆಳಗಿನ ಆಟವೆಂದು, ಫಲಿತಾಂಶಕ್ಕೆ ತಾನು ಹೊಣೆಯಲ್ಲವೆಂದು ಮಗು ಕಲಿತರೆ ಅದು ಸಸಿ ಸತ್ತುದಕ್ಕಿಂತ ದೊಡ್ಡ ನಷ್ಟ. ಪ್ರೀತಿ ಬೆಳೆಸಲು ಘಟ್ಟವೇ ಬೇಕೆಂದೂ ಇಲ್ಲ. ಒಂದೇ ಮರದ ಚಿಗುರು, ಹೂ, ಕಾಯಿಗಳನ್ನು ವಾರವಾರವೂ ಗಮನಿಸಿ ದಾಖಲಿಸುವ ‘ಸೀಸನ್‌ವಾಚ್’ನಂಥ ಕಾರ್ಯಕ್ರಮಗಳು ದೇಶದಲ್ಲಿ ನಡೆಯುತ್ತಿವೆ. ಬೆಂಗಳೂರಿನ ಬೀದಿಯ ಹೊಂಗೆಮರವನ್ನು ವರ್ಷವಿಡೀ ನೋಡಿದ ಮಗು ಮಲೆನಾಡಿಗೆ ಬಂದಾಗ ಬೇರೆಯೇ ಕಣ್ಣುಗಳಿಂದ ಕಾಡನ್ನು ಕಾಣುತ್ತದೆ.

ಪ್ರವಾಸಿಗರನ್ನು ದೂರುತ್ತ ಕೂರುವುದರಿಂದ ಹಳ್ಳಿಗಳಿಗೆ ಲಾಭವಿಲ್ಲ. ಎಲೆಚುಕ್ಕಿ ರೋಗದಿಂದ ಅಡಿಕೆ ತೋಟಗಳು ಕಂಗೆಟ್ಟಿರುವ ಈ ದಿನಗಳಲ್ಲಿ ಅತಿಥಿಗಳಿಂದ ಬರುವ ಆದಾಯ ಅನೇಕ ಮನೆಗಳಿಗೆ ಆಸರೆಯಾಗಿದೆ. 2024ರ ಜನವರಿಯ ಒಂದೇ ವಾರಾಂತ್ಯದಲ್ಲಿ ಕುಮಾರಪರ್ವತದ ಹಾದಿಯಲ್ಲಿ ಸಾವಿರಾರು ಚಾರಣಿಗರು ಮುಗಿಬಿದ್ದ ಮೇಲೆ ಸರಕಾರ ಚಾರಣಗಳಿಗೆ ತಡೆಯೊಡ್ಡಿ, ಮುಂಗಡ ನೋಂದಣಿ ಮತ್ತು ಜನಸಂಖ್ಯೆಯ ಮಿತಿಯನ್ನು ತರಬೇಕಾಯಿತು. ಆದರೆ ಎಷ್ಟು ಜನ ಬರಬೇಕೆಂಬುದನ್ನು ಇಲಾಖೆ ನಿರ್ಧರಿಸಬಹುದೇ ಹೊರತು, ಬಂದವರು ಯಾವ ಕೆಲಸ ಮಾಡಬೇಕೆಂಬುದನ್ನು ಊರೇ ನಿರ್ಧರಿಸಬೇಕು.

ಇದಕ್ಕೆ ಭಾರಿ ಯೋಜನೆ ಬೇಕಾಗಿಲ್ಲ. ಪ್ರತಿ ಊರಿನ ಯುವಕ ಸಂಘ, ಮಹಿಳಾ ಸಂಘ, ಗ್ರಾಮ ಅರಣ್ಯ ಸಮಿತಿಗಳು ಯುಗಾದಿಯ ಹೊತ್ತಿಗೆ ಒಂದೆಡೆ ಕುಳಿತು ಹನ್ನೆರಡು ತಿಂಗಳ ಕೆಲಸದ ಪಟ್ಟಿ ಮಾಡಲಿ: ಯಾವ ಕೆರೆ, ಯಾವ ಸಸಿಗಳು, ಎಷ್ಟು ಕೈಗಳು, ಯಾವ ವಾರ. ಹೊರಗಿನವರಿಗೆ ಮುಚ್ಚಿದ ಜಾಗಗಳು ಯಾವುವೆಂಬುದೂ ಅದರಲ್ಲಿರಲಿ. ಕಾಲೇಜು ವಿದ್ಯಾರ್ಥಿಗಳು ಅದನ್ನು ಅಚ್ಚುಕಟ್ಟಾಗಿ ಬರೆದು ಊರಿನ ಹೋಮ್‌ಸ್ಟೇಗಳ ಗೋಡೆಗೆ ಅಂಟಿಸಲಿ. ನೆಟ್ಟ ಸಸಿಗಳ ಲೆಕ್ಕದ ಪುಸ್ತಕವನ್ನೂ ಅವರೇ ಇಟ್ಟುಕೊಳ್ಳಲಿ. ಮುಂದಿನ ವರ್ಷ ಮಗಳ ಪ್ರಶ್ನೆಗೆ ಉತ್ತರ ಕೇಳಿ ಯಾವುದಾದರೂ ತಾಯಿ ದೂರವಾಣಿ ಮಾಡಿದರೆ ಹೇಳಲು ಆಗ ಊರಿನ ಬಳಿ ಒಂದು ಸಂಖ್ಯೆಯಿರುತ್ತದೆ. ಸಂಖ್ಯೆ ಚಿಕ್ಕದಾದರೂ ನಿಜವಾದುದನ್ನೇ ಹೇಳಲಿ. ಆ ಕುಟುಂಬ ಮತ್ತೆ ಬರುವುದಾದರೆ ಬರುವುದು ಅದನ್ನು ಕೇಳಿಯೇ.