ಚೈನಿನಲ್ಲಿ ಉಳಿತಾಯ ಬೇಡ

ಹೋದ ಭಾನುವಾರ ಸಿಂಹಗಡದ ಏರಿನಲ್ಲಿ ಎದ್ದು ನಿಂತು ಪೆಡಲ್ ಒತ್ತಿದೆ ನೋಡಿ, ಚೈನು ಕಟಕ್ಕನೆ ಜಾರಿತು. ಮೊಣಕಾಲು ಹ್ಯಾಂಡಲ್‌ಗೆ ಬಡಿದು ಕಣ್ಣಲ್ಲಿ ನೀರು! ತಪ್ಪು ನನ್ನದೇ. ನನ್ನ ಮೌಂಟನ್ ಬೈಕಿನಲ್ಲಿ ಪುಣೆಯ ಮೂರು ಮಳೆಗಾಲದ ಕೆಸರು ತಿಂದ ಚೈನನ್ನು ಕಳೆದ ತಿಂಗಳಷ್ಟೇ ಬದಲಿಸಿ, ಹಿಂದಿನ ಕ್ಯಾಸೆಟ್ ಹಳೆಯದನ್ನೇ ಬಿಟ್ಟಿದ್ದೆ. ದುಡ್ಡು ಉಳಿಯಿತು ಅಂತ ಖುಷಿ ಬೇರೆ.

"ಪೂರಾ ಸೆಟ್ಟೇ ಬದಲಿಸಿ ಸಾಹೇಬ್" ಅನ್ನುವವರ ಮಾತೂ ಬೇಡ, "ಇನ್ನೂ ಓಡುತ್ತೆ" ಅನ್ನುವವರದೂ ಬೇಡ. ಮಕ್ಕಳ ಸ್ಕೇಲು ತಗೊಳ್ಳಿ. ಹೊಸ ಚೈನಿನಲ್ಲಿ ಪಿನ್ನಿಂದ ಪಿನ್ನಿಗೆ ಅರ್ಧ ಇಂಚು, 24 ಕೊಂಡಿಗೆ ಸರಿಯಾಗಿ 12 ಇಂಚು. ಪಿನ್ನು ಸವೆದಂತೆ ಅದು ಉದ್ದವಾಗುತ್ತದೆ. 1/16 ಇಂಚು ಹೆಚ್ಚಿದ್ದರೆ ಚೈನು ಮಾತ್ರ ಬದಲಿಸಿದರೆ ಸಾಮಾನ್ಯವಾಗಿ ಸಾಕು. 1/8 ಆಯಿತೋ, ಕ್ಯಾಸೆಟ್ಟಿನ ಹಲ್ಲೂ ಅದರ ಜೊತೆಗೇ ಸವೆದಿರುತ್ತದೆ, ಹೊಸ ಚೈನು ಅದರ ಮೇಲೆ ಕೂರುವುದಿಲ್ಲ. ಚಿಕ್ಕ ಖರ್ಚು ಮುಂದೂಡಿ ದೊಡ್ಡದನ್ನು ಮೈಮೇಲೆ ಎಳೆದುಕೊಂಡ ಹಾಗೆ. ಕಂತು ತಪ್ಪಿದ ಸಾಲವನ್ನು 90 ದಿನ ಸುಮ್ಮನೆ ಬಿಟ್ಟರೆ ಏನಾಗುತ್ತದೆ ಅಂತ ದಿನಾ ಗ್ರಾಹಕರಿಗೆ ಹೇಳುವ ನನಗೇ ಇದು ಹೊಳೆಯಲಿಲ್ಲವಲ್ಲ!

ಈಗ ಕ್ಯಾಸೆಟ್ ತರಿಸಿದ್ದೇನೆ. ಮುಂದಿನ ಚಕ್ರದ ಹಲ್ಲುಗಳೂ ಕೊಕ್ಕೆಯಂತೆ ಬಾಗಿವೆ. ಮನೆಯವಳಿಗೆ ಇನ್ನೂ ಹೇಳಿಲ್ಲ.